ದ್ರಾವಿಡ್ 217, ಲಾರಾ 375: ಟ್ರಂಪ್ ಕಾರ್ಡಿನಲ್ಲಿ ಕ್ರೀಡಾ ಇತಿಹಾಸ

(ಪಾಡ್‌ಕಾಸ್ಟ್ ಸಂಚಿಕೆಯ ಲಿಖಿತ ರೂಪ)

ಸಾಗರ, ಹೊಸನಗರ, ತೀರ್ಥಹಳ್ಳಿ, ಈ ಮೂರು ತಾಲೂಕಿನ ಕೇಳುಗರಿಗೆ ಹೋದ ತಿಂಗಳು ಒಂದು ಮಾತು ಕೇಳಿದ್ದೆ. ಮನೇಲಿ ಹಳೇ ಕ್ರಿಕೆಟ್ ಕಾರ್ಡು, ಬಬಲ್ ಗಮ್ ಜೊತೆ ಬರ್ತಿದ್ದ ಚೀಟಿ, ಸ್ಟಿಕ್ಕರ್, ಏನಿದ್ರೂ ಫೋಟೋ ತೆಗೆದು ಕಳಿಸಿ ಅಂತ. ಹತ್ತೋ ಇಪ್ಪತ್ತೋ ಬರಬಹುದು ಅಂದ್ಕೊಂಡಿದ್ದೆ. ಫೋನಿನ ಮೆಮೊರಿ ತುಂಬಿಹೋಯ್ತು.

ಫೋಟೋ ಜೊತೆ ಬಂದ ಪ್ರಶ್ನೆ ಮುಖ್ಯವಾಗಿ ಎರಡು. ಒಂದು, "ಇದು ಯಾವ ಇಸವೀದು?" ಇನ್ನೊಂದು, "ಇದಕ್ಕೆ ಎಷ್ಟು ದುಡ್ಡು ಬರುತ್ತೆ?" ಇವತ್ತು ಎರಡಕ್ಕೂ ಉತ್ತರ ಹೇಳ್ತೀನಿ. ಆಮೇಲೆ ಯಾರೂ ಕೇಳದ ಮೂರನೇ ಪ್ರಶ್ನೆ ಒಂದಿದೆ, ಅದಕ್ಕೂ ಬರ್ತೀನಿ.

ಮೊದಲು ಈ ಕಾರ್ಡು ಅನ್ನೋದು ಎಲ್ಲಿಂದ ಬಂತು ನೋಡೋಣ. ಇದರ ಬೇರು ಇರೋದು ಸಿಗರೇಟಿನಲ್ಲಿ. ಹತ್ತೊಂಬತ್ತನೇ ಶತಮಾನದ ಕೊನೇಲಿ ಸಿಗರೇಟು ಪ್ಯಾಕು ತೆಳು ಕಾಗದದ್ದು. ಒಳಗಿನ ಸಿಗರೇಟು ಮುರೀಬಾರ್ದು ಅಂತ ಒಂದು ದಪ್ಪ ರಟ್ಟು ಇಡ್ತಿದ್ರು. ಆ ರಟ್ಟಿನ ಮೇಲೆ ಚಿತ್ರ ಅಚ್ಚು ಹಾಕಿದ್ರೆ ಜನ ಮತ್ತೆ ನಮ್ಮ ಪ್ಯಾಕನ್ನೇ ತಗೋತಾರೆ ಅನ್ನೋದು ಕಂಪನಿಗಳಿಗೆ ಹೊಳೀತು. ಇಂಗ್ಲೆಂಡಿನ ವಿಲ್ಸ್ ಕಂಪನಿ 1896ರಲ್ಲಿ 50 ಕ್ರಿಕೆಟಿಗರ ಒಂದು ಸೆಟ್ಟನ್ನೇ ತಂತು. ನಮ್ಮ ರಣಜಿತ್‌ಸಿಂಹಜಿ ಕೂಡ ಆ ಕಾಲದ ಇಂಗ್ಲಿಷ್ ಸಿಗರೇಟು ಕಾರ್ಡುಗಳಲ್ಲಿ ಕಾಣಿಸಿಕೊಂಡವರು.

ಇಸವಿ ನೆನಪಿಟ್ಕೊಳ್ಳಿ, 1896. ಸರಿಯಾಗಿ ನೂರು ವರ್ಷ ಆದ ಮೇಲೆ, 1996ರಲ್ಲಿ, ನಮ್ಮಲ್ಲಿ ನಡೆದ ವಿಶ್ವಕಪ್‌ನ ಹೆಸರೇನು? ವಿಲ್ಸ್ ವಿಶ್ವಕಪ್. ಬೆಂಗಳೂರಿನ ಕ್ವಾರ್ಟರ್ ಫೈನಲ್‌ನಲ್ಲಿ ವೆಂಕಟೇಶ್ ಪ್ರಸಾದ್ ಅಮೀರ್ ಸೊಹೇಲ್ ವಿಕೆಟ್ ಹಾರಿಸಿದ್ದು ಅದೇ ಟೂರ್ನಿಯಲ್ಲಿ. ಸಿಗರೇಟಿಗೂ ಕ್ರಿಕೆಟಿಗೂ ಇದ್ದ ನಂಟು ಅಷ್ಟು ಹಳೇದು. ತಂಬಾಕು ಕಂಪನಿಗಳು ಆಟದ ಪ್ರಾಯೋಜಕರಾಗೋದಕ್ಕೆ ನಮ್ಮ ದೇಶದಲ್ಲಿ ತಡೆ ಬಿದ್ದಿದ್ದು 2003ರ ಕಾನೂನಿನಿಂದ.

ಇಂಗ್ಲೆಂಡಿನಲ್ಲಿ ಸಿಗರೇಟು ಕಾರ್ಡು ನಿಂತಿದ್ದು 1940ರಲ್ಲಿ, ಯುದ್ಧದ ಸಮಯದ ಕಾಗದದ ಅಭಾವದಿಂದ. ಅಮೆರಿಕದಲ್ಲಿ ಕಾರ್ಡು ಸಿಗರೇಟು ಬಿಟ್ಟು ಬಬಲ್ ಗಮ್‌ಗೆ ಬಂತು, ದೊಡ್ಡವರ ಜೇಬಿನಿಂದ ಮಕ್ಕಳ ಜೇಬಿಗೆ. ಇಟಲಿಯ ಮೊಡೆನಾದಲ್ಲಿ ಪಾನೀನಿ ಅನ್ನೋ ಕಂಪನಿ 1961ರಲ್ಲಿ ಫುಟ್‌ಬಾಲ್ ಸ್ಟಿಕ್ಕರ್ ಆಲ್ಬಂ ಶುರು ಮಾಡ್ತು. 1970ರಿಂದ ಫುಟ್‌ಬಾಲ್ ವಿಶ್ವಕಪ್ಪಿಗೆ ಅವರದ್ದೇ ಆಲ್ಬಂ.

ನಮ್ಮಲ್ಲಿ? ಅಪ್ಪ, ದೊಡ್ಡಪ್ಪನ ಕಾಲದವರು ಬೆಂಕಿಪೆಟ್ಟಿಗೆ ಚಿತ್ರ, ಖಾಲಿ ಸಿಗರೇಟು ಪ್ಯಾಕು ಸೇರಿಸ್ತಿದ್ರು. ಒಂದೊಂದು ಬ್ರ್ಯಾಂಡಿಗೆ ಒಂದೊಂದು ಬೆಲೆ ಕಟ್ಟಿ ಆಡ್ತಿದ್ರು. ಎಂಬತ್ತರ ದಶಕದ ಕೊನೆ, ತೊಂಬತ್ತರ ಶುರುವಿನವರಿಗೆ ಬಿಗ್ ಫನ್ ಬಬಲ್ ಗಮ್ ನೆನಪಿರುತ್ತೆ. ಒಳಗಿನ ಚೀಟಿಯಲ್ಲಿ ರನ್ ಇರ್ತಿತ್ತು. ರನ್ ಕೂಡಿಸಿ ಅಂಗಡಿಗೆ ಕೊಟ್ರೆ ಸರಸರ ಹಾಳೆ ತಿರುವಿದ್ರೆ ಆಟಗಾರ ಶಾಟ್ ಹೊಡೆಯೋ ಚಿಕ್ಕ ಪುಸ್ತಕ ಸಿಗ್ತಿತ್ತು. 1999ರಲ್ಲಿ ಬ್ರಿಟಾನಿಯಾದವರು 'ಖಾವೋ, ವರ್ಲ್ಡ್ ಕಪ್ ಜಾವೋ' ಅಂತ ಬಿಸ್ಕತ್ತಿನ ಕವರಿನ ಮೇಲೆ ರನ್ ಕೊಟ್ರು. ಆ ವರ್ಷ ಎಷ್ಟು ಮನೇಲಿ ಮಕ್ಕಳು ಬಿಸ್ಕತ್ತು ಬಿಟ್ಟು ಕವರಿಗೇ ಜಗಳ ಆಡಿಲ್ಲ ಹೇಳಿ.

ನನ್ನ ವಯಸ್ಸಿನವರದ್ದು ಟ್ರಂಪ್ ಕಾರ್ಡು. ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ, ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆ ಪ್ರತಿ ವರ್ಷ. ಅಲ್ಲಿ ಬಳೆ ಅಂಗಡಿ, ಬತ್ತಾಸಿನ ಅಂಗಡಿ ಪಕ್ಕದ ಆಟದ ಸಾಮಾನಿನ ಅಂಗಡೀಲಿ ಸಿಗ್ತಿತ್ತು. ಗೊತ್ತಿಲ್ಲದವರಿಗೆ ಆಟ ಹೇಳ್ತೀನಿ. ಕಾರ್ಡುಗಳನ್ನ ಸಮ ಹಂಚ್ಕೊಳ್ಳೋದು. ಪ್ರತಿ ಕಾರ್ಡಲ್ಲಿ ಒಬ್ಬ ಆಟಗಾರ, ಕೆಳಗೆ ಅವನ ಪಂದ್ಯ, ರನ್, ಗರಿಷ್ಠ ಸ್ಕೋರು, ಶತಕ, ವಿಕೆಟ್, ಕ್ಯಾಚು. ನಾನು "ರನ್" ಅಂತ ಕೂಗಿದ್ರೆ ಇಬ್ಬರೂ ರನ್ ಹೇಳೋದು. ಜಾಸ್ತಿ ಇದ್ದವನಿಗೆ ಇನ್ನೊಬ್ಬನ ಕಾರ್ಡು. ಕರೆಂಟ್ ಹೋಗಿ, ಹೊರಗೆ ಮಳೆ ಹೊಡೀತಾ ಇರೋ ಜುಲೈ ಸಂಜೆಗೆ ಇದಕ್ಕಿಂತ ಒಳ್ಳೇ ಆಟ ನಮಗೆ ಸಿಕ್ಕಿರಲಿಲ್ಲ.

ಈಗ ಮೊದಲನೇ ಪ್ರಶ್ನೆ. ಇಸವಿ ಕಂಡುಹಿಡಿಯೋದು ಹೇಗೆ?

ಜಾತ್ರೆಯ ಪ್ಯಾಕಿನ ಮೇಲೆ ಅಚ್ಚಾದ ವರ್ಷ ಇರೋದು ಅಪರೂಪ. ಆದ್ರೆ ಕಾರ್ಡಿನ ಒಳಗೇ ಗಡಿಯಾರ ಇದೆ. ಹೊಸನಗರದ ಕೇಳುಗರೊಬ್ಬರು ಕಳಿಸಿದ ಪ್ಯಾಕನ್ನೇ ತಗೊಳ್ಳೋಣ. ಅದರಲ್ಲಿ ರಾಹುಲ್ ದ್ರಾವಿಡ್ ಟೆಸ್ಟ್ ಗರಿಷ್ಠ ಸ್ಕೋರು 217. ದ್ರಾವಿಡ್ ಏಣಿ ಹೀಗಿದೆ: 1999ರ ಜನವರಿಯಲ್ಲಿ ಹ್ಯಾಮಿಲ್ಟನ್‌ನಲ್ಲಿ 190. 2000ದ ನವೆಂಬರಿನಲ್ಲಿ ದೆಹಲಿಯಲ್ಲಿ ಜಿಂಬಾಬ್ವೆ ಮೇಲೆ ಔಟಾಗದೆ 200. 2002ರ ಸೆಪ್ಟೆಂಬರಿನಲ್ಲಿ ಓವಲ್‌ನಲ್ಲಿ 217. 2003ರ ಅಕ್ಟೋಬರಿನಲ್ಲಿ ಅಹಮದಾಬಾದಿನಲ್ಲಿ 222. ಅದೇ ಡಿಸೆಂಬರಿನಲ್ಲಿ ಅಡಿಲೇಡ್‌ನಲ್ಲಿ 233. 2004ರ ಏಪ್ರಿಲ್‌ನಲ್ಲಿ ರಾವಲ್ಪಿಂಡಿಯಲ್ಲಿ 270. ಅಂದ್ರೆ 217 ಅನ್ನೋ ಅಂಕಿ ನಿಜವಾಗಿದ್ದದ್ದು 2002ರ ಸೆಪ್ಟೆಂಬರ್‌ನಿಂದ 2003ರ ಅಕ್ಟೋಬರ್‌ವರೆಗೆ ಮಾತ್ರ.

ಅದೇ ಪ್ಯಾಕಿನಲ್ಲಿ ಬ್ರಿಯಾನ್ ಲಾರಾ 375. ಅವರು 400 ಹೊಡೆದಿದ್ದು 2004ರ ಏಪ್ರಿಲ್‌ನಲ್ಲಿ. ಸಚಿನ್ 217, ಅದು 1999ರ ಅಕ್ಟೋಬರಿನದ್ದು. 2004ರ ಜನವರಿಯಲ್ಲಿ ಸಿಡ್ನಿಯ 241 ಅದನ್ನ ದಾಟ್ತು. ಮೂರು ಕಾರ್ಡೂ ಒಂದೇ ಕಡೆ ಬೆರಳು ತೋರಿಸ್ತಾ ಇವೆ.

ಆದ್ರೆ ಇಲ್ಲೊಂದು ಹುಷಾರಿ ಬೇಕು. ಅಚ್ಚಿನವನು ಹಳೇ ಅಂಕಿಯನ್ನೇ ಎರಡು ವರ್ಷ ಅಚ್ಚು ಹಾಕಬಹುದು, ಹಾಕ್ತಿದ್ದ. ಆದರೆ ಇನ್ನೂ ಹೊಡೆಯದ ರನ್ನನ್ನು ಅಚ್ಚು ಹಾಕೋಕೆ ಆಗಲ್ಲ. ಹಾಗಾಗಿ ಕೆಳಮಿತಿ ಗಟ್ಟಿ, ಮೇಲ್ಮಿತಿ ಸಡಿಲ. ಈ ಪ್ಯಾಕು 2002ರ ಸೆಪ್ಟೆಂಬರಿಗಿಂತ ಹಳೇದಲ್ಲ, ಇಷ್ಟು ಖಚಿತ. 2003ರದ್ದೇ ಅಂತ ಆಣೆ ಮಾಡೋಕಾಗಲ್ಲ. ಹಳೇ ನಾಣ್ಯ ಸಿಕ್ಕ ಗುಂಡಿಗೆ ಇಸವಿ ಹೇಳೋವಾಗಲೂ ಹೀಗೇ ತರ್ಕ. ಹೊಸ ನಾಣ್ಯ ಯಾವುದೋ, ಗುಂಡಿ ಮುಚ್ಚಿದ್ದು ಅದಕ್ಕಿಂತ ಆಮೇಲೆ. ಕುಂಬ್ಳೆ ಕಾರ್ಡಲ್ಲಿ 74ಕ್ಕೆ 10 ಅಂತಿದ್ರೆ ಅದು 1999ರ ಫೆಬ್ರವರಿ 7ರ ನಂತರದ್ದು. ಸಚಿನ್ ಏಕದಿನದಲ್ಲಿ 186 ಅಂತಿದ್ರೆ 1999ರ ನವೆಂಬರ್ ನಂತರ. 200 ಅಂತಿದ್ರೆ 2010ರ ಫೆಬ್ರವರಿ ನಂತರ. ಮನೇಲಿರೋ ಪ್ಯಾಕು ತೆಗೆದು ನೀವೇ ಹಚ್ಚಿ ನೋಡಿ. ಮಕ್ಕಳಿಗೆ ಇತಿಹಾಸ ಅಂದ್ರೆ ಏನು ಅಂತ ಹೇಳಿಕೊಡೋಕೆ ಇದಕ್ಕಿಂತ ಸುಲಭ ದಾರಿ ನನಗೆ ಗೊತ್ತಿಲ್ಲ.

ಎರಡನೇ ಪ್ರಶ್ನೆ, ದುಡ್ಡು. ಬಿಕಾಂ ಓದಿದವರ ಹತ್ರ ಇದನ್ನ ಕೇಳದೆ ಬಿಡ್ತಾರಾ!

ಹೌದು, ಕಾರ್ಡಿಗೆ ಕೋಟಿ ಬಂದಿದ್ದುಂಟು. 1952ರ ಟಾಪ್ಸ್ ಕಂಪನಿಯ ಮಿಕ್ಕಿ ಮ್ಯಾಂಟಲ್ ಬೇಸ್‌ಬಾಲ್ ಕಾರ್ಡು 2022ರ ಆಗಸ್ಟಿನಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹೋಯ್ತು. ಆಗಿನ ಲೆಕ್ಕದಲ್ಲಿ ಸುಮಾರು 100 ಕೋಟಿ ರೂಪಾಯಿ. ಆದ್ರೆ ಅಷ್ಟು ಬೆಲೆ ಯಾಕೆ ಬಂತು? ಆ ಸರಣಿಯ ಕೊನೇ ಕಂತು ಮಾರಾಟ ಆಗದೆ ಗೋದಾಮಿನಲ್ಲಿ ಕೊಳೀತಿತ್ತು. 1960ರಲ್ಲಿ ಕಂಪನಿಯವರೇ ಅದನ್ನ ದೋಣಿಗೆ ತುಂಬಿ ಸಮುದ್ರಕ್ಕೆ ಸುರಿದ್ರು. ಉಳಿದಿದ್ದನ್ನ ಮನೆಗಳಲ್ಲಿ ಅಮ್ಮಂದಿರು ಗುಡಿಸಿ ಹಾಕಿದ್ರು. ಯಾರಿಗೂ ಬೇಡವಾಗಿದ್ದಕ್ಕೇ ಅದು ಅಪರೂಪ ಆಯ್ತು.

ಹಳೇ ಕಾರ್ಡಿಗೆ ಬೆಲೆ ಬರುತ್ತೆ ಅಂತ ಕೇಳಿ ಎಂಬತ್ತು ತೊಂಬತ್ತರ ದಶಕದ ಅಮೆರಿಕದಲ್ಲಿ ಜನ ಕಾರ್ಡನ್ನ ಬಂಡವಾಳ ಅಂತ ಕೊಂಡು, ಪ್ಯಾಕು ಬಿಚ್ಚದೆ ಇಟ್ರು. ಕಂಪನಿಗಳೂ ರಾಶಿ ರಾಶಿ ಅಚ್ಚು ಹಾಕಿದ್ವು. ಎಲ್ಲರ ಮನೇಲೂ ಜೋಪಾನವಾಗಿ ಇರೋದ್ರಿಂದ ಇವತ್ತು ಅದರಲ್ಲಿ ಬಹುಪಾಲಿಗೆ ಕಾಸಿನ ಬೆಲೆ ಇಲ್ಲ. ಅಡಿಕೆಗೆ ರೇಟು ಬಂದ ವರ್ಷ ಎಲ್ಲರೂ ಗದ್ದೆಯನ್ನೂ ತೋಟ ಮಾಡಿದ್ರೆ ಮುಂದೇನಾಗಬಹುದು ಅಂತ ನಮ್ಮ ಕಡೆಯವರಿಗೆ ನಾನು ಬಿಡಿಸಿ ಹೇಳ್ಬೇಕಾಗಿಲ್ಲ.

ಹಾಗಾದ್ರೆ ನಮ್ಮ ಜಾತ್ರೆ ಪ್ಯಾಕಿಗೆ? ನೇರವಾಗಿ ಹೇಳ್ತೀನಿ, ಕೋಟಿಯೂ ಇಲ್ಲ, ಲಕ್ಷವೂ ಇಲ್ಲ. ನೆನಪಿಗೆ ಅಂತ ಕೊಳ್ಳೋರು ಕೆಲವು ನೂರು ರೂಪಾಯಿ ಕೊಟ್ಟಾರು. ಇದನ್ನ ಇಷ್ಟು ಒತ್ತಿ ಹೇಳೋಕೆ ಕಾರಣ ಇದೆ. ಇಬ್ಬರು ಕೇಳುಗರಿಗೆ ಫೋನಿನಲ್ಲಿ ಒಂದೇ ಥರದ ಮೆಸೇಜು ಬಂದಿದೆ: "ನಿಮ್ಮ ಹಳೇ ಕ್ರಿಕೆಟ್ ಕಾರ್ಡಿಗೆ 8 ಲಕ್ಷ, ಮೊದಲು ನೋಂದಣಿ ಶುಲ್ಕ ಕಟ್ಟಿ." ಒಬ್ಬರು ಕಟ್ಟೋದಕ್ಕೆ ಮುಂಚೆ ನನ್ನ ಕೇಳಿದ್ರು. ಇನ್ನೊಬ್ಬರು ಕಟ್ಟಿ ಆದ ಮೇಲೆ ಕೇಳಿದ್ರು. ಹಳೇ ನೋಟು, ನಾಣ್ಯದ ಹೆಸರಲ್ಲಿ ಇದೇ ಆಟ ನಡೀತಿತ್ತು, 2021ರಲ್ಲಿ ರಿಸರ್ವ್ ಬ್ಯಾಂಕೇ ಎಚ್ಚರಿಕೆ ಕೊಟ್ಟಿತ್ತು. ನಿಮ್ಮ ವಸ್ತು ಕೊಳ್ಳೋನು ನಿಮಗೆ ದುಡ್ಡು ಕೊಡಬೇಕು. ನಿಮ್ಮಿಂದಲೇ ಮೊದಲು ದುಡ್ಡು ಕೇಳಿದ್ರೆ ಅವನು ವ್ಯಾಪಾರಿ ಅಲ್ಲ. ಯಾರಾದ್ರೂ ಕಟ್ಟಿದ್ರೆ ನಾಚಿಕೆ ಬೇಡ, 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ. ಬೇಗ ಹೇಳಿದಷ್ಟೂ ಒಳ್ಳೇದು.

ಹೊಸ ಪ್ಯಾಕುಗಳ ವಿಷಯದಲ್ಲೂ ಒಂದು ಮಾತು. ಐಪಿಎಲ್ ಬಂದ ಮೇಲೆ ಟಾಪ್ಸ್‌ನವರು ಕ್ರಿಕೆಟ್ ಅಟ್ಯಾಕ್ಸ್ ಅಂತ ಕಾರ್ಡು ತಂದ್ರು. ಜಾತ್ರೆ ಪ್ಯಾಕಿನಲ್ಲಿ ಇಡೀ ಸೆಟ್ಟು ಒಂದೇ ಸಲ ಸಿಗ್ತಿತ್ತು. ಇದರಲ್ಲಿ ಹಾಗಲ್ಲ, ಒಳಗೆ ಯಾರಿದ್ದಾರೆ ಅಂತ ಬಿಚ್ಚೋವರೆಗೂ ಗೊತ್ತಾಗಲ್ಲ. ಕೆಲವು ಕಾರ್ಡು ಬೇಕಂತಲೇ ಕಡಿಮೆ ಅಚ್ಚು ಹಾಕಿರ್ತಾರೆ. ಅರ್ಥ ಇಷ್ಟೇ, ನೀವು ಕೊಡೋ ದುಡ್ಡು ಕಾರ್ಡಿಗಲ್ಲ, ಸಿಗಬಹುದು ಅನ್ನೋ ಆಸೆಗೆ. ಮಕ್ಕಳಿಗೆ ಕೊಡಿಸಬೇಡಿ ಅನ್ನಲ್ಲ. ಆದ್ರೆ ತಿಂಗಳಿಗೆ ಇಷ್ಟು ಅಂತ ಮೊದಲೇ ಲೆಕ್ಕ ಹಾಕಿ.

ಈಗ ಮೂರನೇ ಪ್ರಶ್ನೆ, ಯಾರೂ ಕೇಳದೇ ಇದ್ದಿದ್ದು. ಈ ಕಾರ್ಡುಗಳಲ್ಲಿ ಯಾರಿಲ್ಲ? ಇದ್ದವರದ್ದೂ ಏನಿಲ್ಲ?

ನಮ್ಮ ಜಿಲ್ಲೆಯವರಿಂದಲೇ ಶುರು ಮಾಡೋಣ. ಗುಂಡಪ್ಪ ವಿಶ್ವನಾಥ್, ಹುಟ್ಟಿದ್ದು ಭದ್ರಾವತಿಯಲ್ಲಿ, 1949ರಲ್ಲಿ. 1967ರಲ್ಲಿ ಮೈಸೂರು ತಂಡದ ಪರ ಮೊದಲ ರಣಜಿ ಪಂದ್ಯದಲ್ಲೇ ಆಂಧ್ರದ ಮೇಲೆ 230. 1969ರಲ್ಲಿ ಕಾನ್ಪುರದಲ್ಲಿ ಮೊದಲ ಟೆಸ್ಟ್, ಮೊದಲ ಇನಿಂಗ್ಸಲ್ಲಿ ಸೊನ್ನೆ, ಎರಡನೇದರಲ್ಲಿ 137. ಒಟ್ಟು 91 ಟೆಸ್ಟ್, 6080 ರನ್, 14 ಶತಕ, ಸರಾಸರಿ 41.93. ಇದನ್ನ ಟ್ರಂಪ್ ಕಾರ್ಡಿಗೆ ಹಾಕಿ ಆಡಿ ನೋಡಿ. ರನ್ ಅಂದ್ರೂ ಸೋಲು, ಶತಕ ಅಂದ್ರೂ ಸೋಲು, ಸರಾಸರಿ ಅಂದ್ರೂ ಸೋಲು. ಸಚಿನ್, ಲಾರಾ, ದ್ರಾವಿಡ್, ಯಾರ ಕಾರ್ಡು ಬಂದ್ರೂ ವಿಶಿ ಕಾರ್ಡು ಎದುರಿನವನ ಕೈಗೆ.

ಈಗ 1975ರ ಜನವರಿಗೆ ಹೋಗೋಣ, ಮದ್ರಾಸಿಗೆ. ಎದುರಿಗೆ ವೆಸ್ಟ್ ಇಂಡೀಸ್‌ನ ಆಂಡಿ ರಾಬರ್ಟ್ಸ್, 64 ರನ್ನಿಗೆ 7 ವಿಕೆಟ್ ಕಿತ್ತ ದಿನ. ಭಾರತ ಇಡೀ ತಂಡ ಸೇರಿ 190. ಅದರಲ್ಲಿ ವಿಶ್ವನಾಥ್ ಒಬ್ಬರದ್ದೇ ಔಟಾಗದೆ 97. ಭಾರತ ಆ ಟೆಸ್ಟ್ ಗೆಲ್ತು, 100 ರನ್ನಿಂದ. ಆ ಇನಿಂಗ್ಸನ್ನ ನೋಡಿದವರು ಇವತ್ತಿಗೂ ಅದರ ಮಾತು ಬಿಟ್ಟಿಲ್ಲ. ಆದ್ರೆ ಕಾರ್ಡಿನ ಶತಕದ ಕಾಲಂನಲ್ಲಿ ಆ 97ಕ್ಕೆ ಬೆಲೆ ಸೊನ್ನೆ.

ಇನ್ನೊಂದು, 1980ರ ಫೆಬ್ರವರಿ, ಬಾಂಬೆ, ಇಂಗ್ಲೆಂಡ್ ವಿರುದ್ಧ ಸುವರ್ಣ ಮಹೋತ್ಸವ ಟೆಸ್ಟ್. ವಿಶ್ವನಾಥ್ ನಾಯಕ. ಇಂಗ್ಲೆಂಡಿನ 5 ವಿಕೆಟ್ 58ಕ್ಕೆ ಹೋಗಿದೆ. ಬಾಬ್ ಟೇಲರ್‌ಗೆ ಅಂಪೈರ್ ಔಟ್ ಕೊಟ್ಟರು. ಚೆಂಡು ಬ್ಯಾಟಿಗೆ ತಾಗಿಲ್ಲ ಅಂತ ವಿಶ್ವನಾಥ್‌ಗೆ ಖಾತ್ರಿ. ವಾಪಸ್ ಕರೆದರು. ಟೇಲರ್, ಬಾಥಮ್ ಸೇರಿ 171 ರನ್ ಜೊತೆಯಾಟ ಆಡಿದರು. ಭಾರತ 10 ವಿಕೆಟ್‌ನಿಂದ ಸೋತಿತು. ಹೇಳಿ, ಇದನ್ನ ಯಾವ ಕಾಲಂಗೆ ಹಾಕ್ತೀರಿ?

ಕಾರ್ಡು ಸುಳ್ಳು ಹೇಳಲ್ಲ. ಆದ್ರೆ ಎಣಿಸೋಕೆ ಬರೋದನ್ನ ಮಾತ್ರ ಹೇಳುತ್ತೆ. ನಾವು ಹತ್ತನೇ ವಯಸ್ಸಲ್ಲಿ ಕ್ರಿಕೆಟ್ ಇತಿಹಾಸ ಕಲಿತಿದ್ದು ಈ ಕಾರ್ಡಿಂದ. ಜಾಸ್ತಿ ಇರೋನು ಗೆದ್ದ, ಕಡಿಮೆ ಇರೋನ ಕಾರ್ಡು ಕಿತ್ಕೋ. ಇವತ್ತು ಸೋಷಿಯಲ್ ಮೀಡಿಯಾದಲ್ಲಿ ಆಟಗಾರರ ಬಗ್ಗೆ ನಡೆಯೋ ಜಗಳ ನೋಡಿದ್ರೆ, ನಾವು ಇನ್ನೂ ಅದೇ ಆಟ ಆಡ್ತಾ ಇದೀವಿ ಅನ್ಸುತ್ತೆ.

ಇನ್ನು ಕಾರ್ಡೇ ಇಲ್ಲದವರು. ನನಗೆ ಬಂದ ಅಷ್ಟೂ ಫೋಟೋದಲ್ಲಿ ಒಬ್ಬ ಹೆಣ್ಣುಮಗಳ ಕಾರ್ಡಿಲ್ಲ. ಬೆಂಗಳೂರಿನ ಶಾಂತಾ ರಂಗಸ್ವಾಮಿ 1976ರಲ್ಲಿ ಪಟ್ನಾದಲ್ಲಿ ವೆಸ್ಟ್ ಇಂಡೀಸನ್ನ ಸೋಲಿಸಿ ಭಾರತದ ಮಹಿಳೆಯರಿಗೆ ಮೊದಲ ಟೆಸ್ಟ್ ಗೆಲುವು ತಂದ ನಾಯಕಿ. 1977ರಲ್ಲಿ ನ್ಯೂಜಿಲೆಂಡಿನಲ್ಲಿ 108 ಹೊಡೆದು ಟೆಸ್ಟ್ ಶತಕ ಬಾರಿಸಿದ ಮೊದಲ ಭಾರತೀಯ ಮಹಿಳೆ. ಪಕ್ಕದ ಚಿಕ್ಕಮಗಳೂರು ಜಿಲ್ಲೆಯ ವೇದಾ ಕೃಷ್ಣಮೂರ್ತಿ 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ಮೇಲೆ 45 ಎಸೆತಕ್ಕೆ 70 ಚಚ್ಚಿದವರು. ಆಗುಂಬೆ ಘಾಟಿ ಇಳಿದು ಹೆಬ್ರಿ ದಾಟಿದ್ರೆ ಕಾರ್ಕಳ. ಆ ಕಡೆಯ ಮಮತಾ ಪೂಜಾರಿ ಭಾರತ ಕಬಡ್ಡಿ ತಂಡದಲ್ಲಿ ಆಡಿ 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದವರು. ನಮ್ಮ ಮಲೆನಾಡಲ್ಲಿ ಕಬಡ್ಡಿ, ವಾಲಿಬಾಲ್ ಆಡದ ಊರು ಯಾವುದಿದೆ? ಆದ್ರೆ ಜಾತ್ರೆಯ ಅಂಗಡೀಲಿ ಕ್ರಿಕೆಟ್ ಬಿಟ್ರೆ ಅಮೆರಿಕದ ಕುಸ್ತಿಪಟುಗಳ ಕಾರ್ಡಿತ್ತು, ಕಬಡ್ಡಿ ಕಾರ್ಡಿರಲಿಲ್ಲ.

ಕಂಪನಿಯನ್ನ ಬೈದು ಪ್ರಯೋಜನ ಇಲ್ಲ. ಮಾರೋದು ಅಚ್ಚು ಹಾಕೋದು ಅವರ ಕಸುಬು. ನಮ್ಮೂರಿನವರ ಕಾರ್ಡು ನಾವೇ ಮಾಡಬೇಕು. ಇದು ಇವತ್ತು ನಿಮ್ಮ ಹತ್ರ ನನ್ನ ಬೇಡಿಕೆ.

ಫೋಟೋಗಳ ನಡುವೆ, ನಾನು ಕೇಳದೇ ಇದ್ರೂ, ಹನ್ನೊಂದು ಜನ ಬೇರೆ ಥರದ ಫೋಟೋ ಕಳಿಸಿದ್ದಾರೆ. ಗದ್ದೆ ಕೊಯ್ಲಾದ ಮೇಲೆ ಅದೇ ಬಯಲಲ್ಲಿ ಆಡಿದ ವಾಲಿಬಾಲ್ ತಂಡ, ಶಾಲೆಯ ಅಂಗಳದಲ್ಲಿ ಕಬಡ್ಡಿ ಗೆದ್ದ ಹುಡುಗಿಯರು, ಶೀಲ್ಡ್ ಹಿಡಿದು ನಿಂತ ಕ್ರಿಕೆಟ್ ತಂಡ. ಕಪ್ಪುಬಿಳುಪು ಕೆಲವು, ಬಣ್ಣ ಮಾಸಿದ್ದು ಕೆಲವು. ಎಲ್ಲರಿಗೂ ಹಿಂದಿನ ಬದಿ ತಿರುಗಿಸಿ ಕಳಿಸಿ ಅಂದೆ. ಹನ್ನೊಂದರಲ್ಲಿ ಒಂಬತ್ತು ಖಾಲಿ. ಹೆಸರಿಲ್ಲ, ಊರಿಲ್ಲ, ಇಸವಿ ಇಲ್ಲ. ಶರಾವತಿ ನೀರು ನಿಂತು ಹೊಸನಗರ, ಸಾಗರದ ಎಷ್ಟೋ ಊರೇ ಎದ್ದು ಹೋಗಿವೆ. ಊರಿನ ಜೊತೆ ಆಟದ ಬಯಲೂ ಹೋಯ್ತು, ಅಲ್ಲಿ ಆಡಿದವರೂ ಒಬ್ಬೊಬ್ಬರಾಗಿ ಹೋಗ್ತಾ ಇದ್ದಾರೆ. ಒಂದು ಫೋಟೋದಲ್ಲಿರೋ ಏಳು ಜನರಲ್ಲಿ ಈಗ ಹೆಸರು ಹೇಳಬಲ್ಲವರು ಒಬ್ಬರೇ ಅಜ್ಜ.

ಹಾಗಾಗಿ ಈ ಮಳೆಗಾಲ ಮುಗಿಯೋದ್ರೊಳಗೆ ಒಂದು ಕೆಲಸ ಮಾಡಿ. ಮನೆಯ ಹಿರಿಯರ ಜೊತೆ ಕೂತು ಅಂಥ ಫೋಟೋಗೆ ನಾಲ್ಕು ವಿಷಯ ಬರೀರಿ: ಯಾರು, ಯಾವ ಊರು, ಯಾವ ಆಟ, ಯಾವ ವರ್ಷ. ಇಸವಿ ಗೊತ್ತಿಲ್ಲದಿದ್ರೆ ಟ್ರಂಪ್ ಕಾರ್ಡಿನ ಉಪಾಯವೇ ಸಾಕು. ಅಣ್ಣನ ಮದುವೆಗೆ ಮುಂಚೆಯಾ, ಆಮೇಲಾ? ಊರಿಗೆ ಕರೆಂಟ್ ಬಂದಿತ್ತಾ? ಒಂದು ಕೆಳಮಿತಿ ಸಿಕ್ಕೇ ಸಿಗುತ್ತೆ. ಐದನೇದಾಗಿ ಎಣಿಸೋಕೆ ಬರದ ಒಂದು ಮಾತು ಬರೀರಿ. ಬರಿಗಾಲಲ್ಲಿ ಆಡ್ತಿದ್ದ, ಗೆದ್ದ ಕೋಳಿಯನ್ನ ಸೋತವರಿಗೇ ಕೊಟ್ಟ, ಅಂಥದ್ದು.

ಕಾಪಾಡೋ ಬಗ್ಗೆ ಚೂರು. ನಮ್ಮ ಕಡೆ ಕಾಗದಕ್ಕೆ ದೊಡ್ಡ ಶತ್ರು ಥಂಡಿ. ಬೂಷ್ಟು ಹಿಡಿದಿದ್ರೆ ಬಿಸಿಲಿಗೆ ಹಾಕಬೇಡಿ, ಬಣ್ಣ ಹೋಗುತ್ತೆ. ನೆರಳಲ್ಲಿ ಗಾಳಿಗೆ ಒಣಗಿಸಿ, ಮೆತ್ತನೆ ಬ್ರಷ್‌ನಲ್ಲಿ ಉದುರಿಸಿ. ರಬ್ಬರ್ ಬ್ಯಾಂಡ್ ಹಾಕಬೇಡಿ, ಅದು ಕರಗಿ ಅಂಟುತ್ತೆ. ಲ್ಯಾಮಿನೇಷನ್ ಬೇಡವೇ ಬೇಡ, ಒಮ್ಮೆ ಮಾಡಿದ್ರೆ ಬಿಡಿಸೋಕಾಗಲ್ಲ. ಮುಚ್ಚಳ ಬಿಗಿ ಇರೋ ಡಬ್ಬಿ, ಒಳಗೆ ಹೊಸ ಬ್ಯಾಗು, ಚಪ್ಪಲಿ ಜೊತೆ ಬರೋ ಸಿಲಿಕಾ ಪೊಟ್ಟಣ ಎರಡು. ಫೋಟೋ ಹಿಂದೆ ಬರೆಯೋದಾದ್ರೆ ಪೆನ್ ಬೇಡ, ಮೆತ್ತನೆ ಪೆನ್ಸಿಲ್ಲಲ್ಲಿ, ಅಂಚಿನಲ್ಲಿ, ಒತ್ತದೆ ಬರೀರಿ. ಮೊದಲು ಎರಡೂ ಬದಿ ಫೋನಲ್ಲಿ ತೆಗೆದಿಟ್ಕೊಳ್ಳಿ.

ನನಗೆ ಕಳಿಸೋ ಮುಂಚೆ ಫೋಟೋದಲ್ಲಿರೋರ ಅಥವಾ ಅವರ ಮನೆಯವರ ಒಪ್ಪಿಗೆ ಕೇಳಿ. ಒಪ್ಪಿದವರದ್ದನ್ನ ಅಂಗೈಯಗಲದ ಕಾರ್ಡು ಮಾಡಿ, ಸಾದಾ ರಟ್ಟಿನ ಮೇಲೆ ಅಚ್ಚು ಹಾಕಿಸಿ, ಅವರವರ ಮನೆಗೇ ವಾಪಸ್ ಕೊಡೋದು ನನ್ನ ಯೋಚನೆ. ಮಾರಾಟಕ್ಕಲ್ಲ. ಖರ್ಚಿನ ಲೆಕ್ಕ ಮುಂದಿನ ಸಂಚಿಕೆಯಲ್ಲಿ ರೂಪಾಯಿ ಪೈಸೆ ಸಮೇತ ಹೇಳ್ತೀನಿ.

ಹಾಂ, ಆ ಹನ್ನೊಂದರಲ್ಲಿ ಹಿಂಬದಿ ಬರೆದಿದ್ದ ಎರಡು ಫೋಟೋ ಇದ್ವಲ್ಲ, ಎರಡೂ ಹುಡುಗಿಯರ ಕಬಡ್ಡಿ ತಂಡದ್ದು. ಎರಡರ ಹಿಂದೆಯೂ ನೀಲಿ ಶಾಯೀಲಿ ಏಳೇಳು ಹೆಸರು, ಇಸವಿ ಸಮೇತ, ಗುಂಡಗಿನ ಅಕ್ಷರ. ಮೊದಲ ಕಾರ್ಡು ಅವರದ್ದೇ.